1989ರ ಟೆಟ್ರಿಸ್‌ಗೆ ಈಗ ಹೊಸ ವೇಗ ಯಾಕೆ ಸೇರಿಸಿದರು?

ಸಂಜೆಮಳೆ:

ಎಲ್ಲರಿಗೂ ನಮಸ್ಕಾರ. ಕ್ಲಾಸಿಕ್ ಟೆಟ್ರಿಸ್ ವಿಶ್ವ ಚಾಂಪಿಯನ್‌ಶಿಪ್‌ನ ಎರಡು ಫೈನಲ್‌ಗಳನ್ನು ಒಂದರ ಹಿಂದೆ ಒಂದು ನೋಡಿದೆ. ಒಂದು 2016ರದ್ದು, ಜೋನಾಸ್ ನ್ಯೂಬಾವರ್ ಮತ್ತು ಜೆಫ್ ಮೂರ್ ಆಡಿದ್ದು. ಇನ್ನೊಂದು 2023ರದ್ದು, ಫ್ರ್ಯಾಕ್ಟಲ್ ಎಂಬ ಹೆಸರಲ್ಲಿ ಆಡುವ ಜಸ್ಟಿನ್ ಯು ಗೆದ್ದದ್ದು. ಎರಡರಲ್ಲೂ ಅದೇ ನಿಂಟೆಂಡೊ ಆಟ, ಅದೇ ತುಂಡುಗಳು, ಅದೇ ಸಂಗೀತ. ಆದರೆ ಆಡುವ ರೀತಿ ಪೂರ್ತಿ ಬೇರೆ.

2016ರಲ್ಲಿ 29ನೇ ಲೆವೆಲ್ ಬಂತು ಅಂದರೆ ಆಟ ಮುಗಿದ ಹಾಗೆ. ತುಂಡುಗಳು ದಡದಡ ಬಿದ್ದು ಕೆಲವೇ ಕ್ಷಣದಲ್ಲಿ ಪರದೆ ತುಂಬಿಬಿಡುತ್ತದೆ. 2023ರಲ್ಲಿ ಇಬ್ಬರೂ 29 ದಾಟಿ ಆರಾಮಾಗಿ ಆಡುತ್ತಿದ್ದಾರೆ, ಆಮೇಲೆ 39ಕ್ಕೆ ಬಂದಾಗ ವೇಗ ಇದ್ದಕ್ಕಿದ್ದಂತೆ ಎರಡರಷ್ಟಾಗುತ್ತದೆ. ಹಳೇ ಕ್ಯಾಸೆಟ್‌ನಲ್ಲಿ 39ಕ್ಕೆ ಅಂತ ಬೇರೆ ವೇಗ ಇರಲೇ ಇಲ್ಲ ಅಂತ ಓದಿದೆ. ಹಾಗಾದರೆ ಇದನ್ನು ಯಾರು ಸೇರಿಸಿದರು, ಯಾಕೆ ಸೇರಿಸಿದರು? ರೆಟ್ರೋ ಆಟ ಅಂದಮೇಲೆ ಇದ್ದದ್ದನ್ನು ಇದ್ದ ಹಾಗೇ ಆಡಬೇಕು ಅಲ್ವಾ?

ಇನ್ನೊಂದು ಸಣ್ಣ ಪ್ರಶ್ನೆ. 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಹುಡುಗನೊಬ್ಬ ಟೆಟ್ರಿಸ್ ಅನ್ನು ಸೋಲಿಸಿದ ಅಂತ ಸುದ್ದಿ ಬಂತಲ್ಲ, ಅವನು 157ನೇ ಲೆವೆಲ್‌ವರೆಗೆ ಹೋದದ್ದು ಹೇಗೆ? ಅಲ್ಲಿ 39ರ ಈ ವೇಗ ಇರಲಿಲ್ವಾ?

ಎಂಟುಬಿಟ್_ರಾಘು:

ಒಳ್ಳೇ ಪ್ರಶ್ನೆ. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ಅರ್ಥವಾಗೋದು ಕಷ್ಟ.

ಟೆಟ್ರಿಸ್ ಹುಟ್ಟಿದ್ದು 1984ರಲ್ಲಿ ಮಾಸ್ಕೋದಲ್ಲಿ, ಅಲೆಕ್ಸಿ ಪಜಿತ್ನೋವ್ ಕೈಯಲ್ಲಿ. ನೀವು ನೋಡಿದ ಆಟ ನಿಂಟೆಂಡೊ ಕಂಪನಿ 1989ರಲ್ಲಿ ಅಮೆರಿಕದಲ್ಲಿ ಎನ್‌ಇಎಸ್ ಕನ್ಸೋಲ್‌ಗೆ ತಂದದ್ದು. ಮರುವರ್ಷವೇ, ಅಂದರೆ 1990ರಲ್ಲಿ, ನಿಂಟೆಂಡೊ ಅಮೆರಿಕದ ಊರೂರು ಸುತ್ತಿ ಒಂದು ದೊಡ್ಡ ಸ್ಪರ್ಧೆ ನಡೆಸಿತು. ಆಟಗಾರರಿಗೆ ಸಿಗುತ್ತಿದ್ದದ್ದು 6 ನಿಮಿಷ 21 ಸೆಕೆಂಡು. ಅಷ್ಟರೊಳಗೆ ಸೂಪರ್ ಮಾರಿಯೋದಲ್ಲಿ 50 ನಾಣ್ಯ ಕೂಡಿಸಿ, ರ‍್ಯಾಡ್ ರೇಸರ್‌ನಲ್ಲಿ ಕಾರು ಓಡಿಸಿ, ಉಳಿದ ಸಮಯವೆಲ್ಲ ಟೆಟ್ರಿಸ್ ಆಡಬೇಕು. ಟೆಟ್ರಿಸ್ ಅಂಕವನ್ನು 25ರಿಂದ ಗುಣಿಸುತ್ತಿದ್ದರು. ಹಾಗಾಗಿ ಹೆಸರಿಗೆ ಮೂರು ಆಟ, ಗೆಲ್ಲಿಸುತ್ತಿದ್ದದ್ದು ಟೆಟ್ರಿಸ್ ಒಂದೇ. ಹದಿಹರೆಯದವರ ವಿಭಾಗದಲ್ಲಿ ಗೆದ್ದ ಹುಡುಗ ಥಾರ್ ಆಕರ್ಲಂಡ್. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಆಮೇಲೆ ಬಹಳ ವರ್ಷ ಏನೂ ಇಲ್ಲ. ಜನ ಮನೆಯಲ್ಲಿ ಒಬ್ಬೊಬ್ಬರೇ ಆಡುತ್ತಿದ್ದರು, ಪರದೆಯ ಫೋಟೋ ತೆಗೆದು ಕಳಿಸುತ್ತಿದ್ದರು. ಆಟದಲ್ಲಿ ತೋರಿಸುವ ಅಂಕ 999,999ಕ್ಕೆ ನಿಂತುಬಿಡುತ್ತದೆ. ಅದನ್ನು ಮುಟ್ಟುವುದಕ್ಕೆ ಮ್ಯಾಕ್ಸ್‌ಔಟ್ ಅಂತಾರೆ. ಸಾಕ್ಷಿ ಸಮೇತ ಮೊದಲು ಮುಟ್ಟಿದ್ದು ಹ್ಯಾರಿ ಹಾಂಗ್, ಅದೂ 2009ರಲ್ಲಿ. ಆಟ ಬಂದು 20 ವರ್ಷವಾದ ಮೇಲೆ!

2010ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮೊದಲ ಕ್ಲಾಸಿಕ್ ಟೆಟ್ರಿಸ್ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಹಳಬರನ್ನೆಲ್ಲ ಒಂದೇ ಕಡೆ ಸೇರಿಸಿ ಒಂದು ಸಾಕ್ಷ್ಯಚಿತ್ರ ಮಾಡುವ ಕೆಲಸದ ಜೊತೆಗೇ ಬೆಳೆದ ಸ್ಪರ್ಧೆ ಅದು. 2012ರಿಂದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನ ರೆಟ್ರೋ ಗೇಮಿಂಗ್ ಮೇಳದಲ್ಲಿ ನಡೆಯತೊಡಗಿತು. ಜೋನಾಸ್ 2010ರಿಂದ 2013ರವರೆಗೆ ಸತತ ನಾಲ್ಕು ಸಲ, ಆಮೇಲೆ 2015, 2016, 2017ರಲ್ಲಿ, ಒಟ್ಟು ಏಳು ಸಲ ಗೆದ್ದರು. ನಡುವೆ 2014ರದ್ದು ಮಾತ್ರ ಹ್ಯಾರಿ ಹಾಂಗ್ ಪಾಲಿಗೆ ಹೋಯಿತು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಆ ಕಾಲದಲ್ಲಿ ಎಲ್ಲರಿಗೂ ಗೊತ್ತಿದ್ದ ಒಂದು ಮಾತು: 29ನೇ ಲೆವೆಲ್‌ನಲ್ಲಿ ಆಟ ಸಾಯುತ್ತದೆ. ಅದಕ್ಕೇ ಕಿಲ್‌ಸ್ಕ್ರೀನ್ ಅಂತ ಕರೆದರು. ಸ್ಪರ್ಧೆಯಲ್ಲಿ 18ನೇ ಲೆವೆಲ್‌ನಿಂದ ಶುರು ಮಾಡುತ್ತಾರೆ. ಬೀಳುವ ತುಂಡುಗಳಿಂದ ಒಂದು ಅಡ್ಡಸಾಲು ಪೂರ್ತಿ ತುಂಬಿದರೆ ಅದು ಅಳಿಯುತ್ತದೆ. ಅಲ್ಲಿಂದ 29 ಬರೋದು ಹೀಗೆ 230 ಸಾಲು ಅಳಿಸಿದ ಮೇಲೆ. ಅಂದರೆ ಇಬ್ಬರ ಕೈಯಲ್ಲೂ ಇರೋದು 230 ಸಾಲು ಮಾತ್ರ. ಅದರಲ್ಲಿ ಯಾರು ಹೆಚ್ಚು ಅಂಕ ಮಾಡುತ್ತಾರೋ ಅವರು ಗೆದ್ದ ಹಾಗೆ.

ಇದರಲ್ಲೇ ಎಲ್ಲ ಮಜಾ ಇದ್ದದ್ದು. 18ನೇ ಲೆವೆಲ್‌ನಲ್ಲಿ ಒಂದು ಸಾಲು ಅಳಿಸಿದರೆ 760 ಅಂಕ. ನಾಲ್ಕು ಸಾಲು ಒಟ್ಟಿಗೆ ಅಳಿಸಿದರೆ, ಅಂದರೆ ಟೆಟ್ರಿಸ್ ಮಾಡಿದರೆ, 22,800. ಅದೇ ನಾಲ್ಕು ಸಾಲನ್ನು ಒಂದೊಂದಾಗಿ ಅಳಿಸಿದರೆ ಸಿಗೋದು ಬರೀ 3,040. ಅಂದರೆ ಹೆದರಿಕೊಂಡು ಒಂದು ಸಾಲು ಸುಟ್ಟರೂ, ಅಂದರೆ ಟೆಟ್ರಿಸ್‌ಗೆ ಕಾಯದೆ ಒಂದೇ ಸಾಲು ಅಳಿಸಿದರೂ, ಅದು ಸಾಲಿನ ಲೆಕ್ಕಕ್ಕೆ ಬಂತು, 230ರಲ್ಲಿ ಒಂದು ಕಳೀತು, ಮತ್ತೆ ವಾಪಸ್ ಬರೋದಿಲ್ಲ. ಗೋಡೆ ಎತ್ತರಕ್ಕೆ ಕಟ್ಟುತ್ತಾ ನಾಲ್ಕು ಮನೆಯ ನೇರ ತುಂಡಿಗಾಗಿ, ಅಂದರೆ ಉದ್ದ ಕಡ್ಡಿಗಾಗಿ ಕಾಯಬೇಕು, ಕಡ್ಡಿ ಬರದೇ ಹೋದರೆ ಸಾಯಬೇಕು. ಈ ಆಟದಲ್ಲಿ ಈಗಿನ ಟೆಟ್ರಿಸ್ ಹಾಗೆ ಏಳು ತುಂಡುಗಳಿಗೊಮ್ಮೆ ಪ್ರತಿಯೊಂದೂ ಬಂದೇ ಬರಬೇಕು ಅನ್ನೋ ನಿಯಮ ಇಲ್ಲ. ಉದ್ದ ಕಡ್ಡಿ ಮೂವತ್ತು ತುಂಡು ಕಳೆದರೂ ಬರದೇ ಇರಬಹುದು. 2016ರ ಆ ಫೈನಲ್ ಅಷ್ಟು ಬಿಗಿಯಾಗಿ ಕಾಣೋದು ಇದರಿಂದಲೇ.

ಉಳಿದದ್ದನ್ನು ಬೇರೆಯವರು ಹೇಳಲಿ, ನನ್ನದೇ ಉದ್ದವಾಯಿತು.

ತುಮಕೂರು_ಟ್ರಾನ್ಸಿಸ್ಟರ್:

ರಾಘು ಅವರು ಹೇಳಿದ್ದರ ಮೇಲೆ ಇನ್ನೊಂದಿಷ್ಟು. 29ರಲ್ಲಿ ಯಾಕೆ ಸಾಯುತ್ತಿದ್ದರು ಅನ್ನೋದು ಲೆಕ್ಕದ ವಿಷಯ.

ಅಮೆರಿಕದ ಎನ್‌ಇಎಸ್ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ತೋರಿಸುತ್ತದೆ. 18ನೇ ಲೆವೆಲ್‌ನಲ್ಲಿ ತುಂಡು ಮೂರು ಫ್ರೇಮಿಗೆ ಒಂದು ಮನೆ ಇಳಿಯುತ್ತದೆ. 19ರಿಂದ 28ರವರೆಗೆ ಎರಡು ಫ್ರೇಮಿಗೆ ಒಂದು. 29ರಿಂದ ಪ್ರತಿ ಫ್ರೇಮಿಗೂ ಒಂದು. ಪರದೆಯ ಎತ್ತರ 20 ಮನೆ. ಹಾಗಾಗಿ ಮೇಲಿನಿಂದ ಕೆಳಕ್ಕೆ ಬರೋಕೆ ಒಂದು ಸೆಕೆಂಡಿನ ಮೂರನೇ ಒಂದು ಭಾಗ ಸಾಕು.

ಇನ್ನು ಪಕ್ಕಕ್ಕೆ ಸರಿಸುವುದು. ಬಾಣದ ಬಟನ್ ಒತ್ತಿ ಹಿಡಿದರೆ ತುಂಡು ಒಂದು ಮನೆ ಸರಿಯುತ್ತದೆ, ಆಮೇಲೆ 16 ಫ್ರೇಮ್ ಕಾಯುತ್ತದೆ, ಆಮೇಲೆ 6 ಫ್ರೇಮಿಗೆ ಒಂದರಂತೆ ಸರಿಯುತ್ತಾ ಹೋಗುತ್ತದೆ. ಇದನ್ನು ಡಾಸ್ ಅಂತಾರೆ. ಜೋನಾಸ್ ತರಹದ ಪಂಡಿತರು ಆ 16 ಫ್ರೇಮಿನ ಕಾಯುವಿಕೆಯನ್ನು ಮೊದಲೇ ತುಂಬಿಸಿಟ್ಟುಕೊಂಡು ಮುಂದಿನ ತುಂಡಿಗೆ ಒಯ್ಯುತ್ತಿದ್ದರು, ಅದೇ ಒಂದು ದೊಡ್ಡ ವಿದ್ಯೆ. ಆದರೂ ಸೆಕೆಂಡಿಗೆ 10 ಮನೆಗಿಂತ ಜಾಸ್ತಿ ಸಾಧ್ಯವಿಲ್ಲ. ಅಂದರೆ 29ರಲ್ಲಿ ತುಂಡು ನೆಲ ಮುಟ್ಟುವಷ್ಟರಲ್ಲಿ ಮೂರು ನಾಲ್ಕು ಮನೆ ಸರಿಯಬಹುದು ಅಷ್ಟೇ. ಉದ್ದ ಕಡ್ಡಿ ನೆಟ್ಟಗೆ ನಿಲ್ಲಿಸಿದರೆ ಬಲಗೋಡೆಗೆ 4 ಹೆಜ್ಜೆ, ಎಡಗೋಡೆಗೆ 5 ಹೆಜ್ಜೆ. ಅಂಚಿಗೆ ತುಂಡೇ ಹೋಗದಿದ್ದರೆ ಸಾಲು ಹೇಗೆ ತುಂಬುತ್ತದೆ? ನಡುವೆ ಗೋಪುರ ಎದ್ದು ಆಟ ಮುಗಿಯುತ್ತದೆ. (ಎಲ್ಲರೂ ಬಾವಿಯನ್ನು, ಅಂದರೆ ಉದ್ದ ಕಡ್ಡಿಗಾಗಿ ಖಾಲಿ ಬಿಡುವ ಕಂಬವನ್ನು, ಬಲಗಡೆಯೇ ಬಿಡೋದಕ್ಕೂ ಈ ಒಂದು ಹೆಜ್ಜೆಯ ವ್ಯತ್ಯಾಸವೇ ಕಾರಣ.)

ಹಾಗಾಗಿ 29ರ ಗೋಡೆ ಆಟದ್ದಲ್ಲ, ಒತ್ತಿ ಹಿಡಿಯುವ ಅಭ್ಯಾಸದ್ದು. ಹಿಡಿಯದೆ ಪ್ರತಿ ಹೆಜ್ಜೆಗೂ ಒಂದೊಂದು ಸಲ ಒತ್ತಿದರೆ ಡಾಸ್‌ನ ಮಿತಿಯೇ ಇಲ್ಲ. ಅದಕ್ಕೆ ಹೈಪರ್‌ಟ್ಯಾಪಿಂಗ್ ಅಂತ ಹೆಸರು. ಥಾರ್ ಹಾಗೇ ಆಡುತ್ತಿದ್ದರು, 30ನೇ ಲೆವೆಲ್ ಮುಟ್ಟಿದ್ದರು. ಬಹಳ ವರ್ಷ ಅದನ್ನು ಬೇರೆ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ, ಕೈ ಸೋತುಹೋಗುತ್ತದೆ ಅಂತ.

2018ರಲ್ಲಿ ಅದು ಬದಲಾಯಿತು. ಜೋಸೆಫ್ ಸೇಲಿ ಅನ್ನೋ 16 ವರ್ಷದ ಹುಡುಗ ಫೈನಲ್‌ನಲ್ಲಿ ಜೋನಾಸ್ ಅವರನ್ನು 3-0ಯಿಂದ ಸೋಲಿಸಿದ. ಕೈ ಪೂರ್ತಿ ಬಿಗಿ ಹಿಡಿದು ಸೆಕೆಂಡಿಗೆ ಹನ್ನೆರಡಕ್ಕೂ ಹೆಚ್ಚು ಸಲ ಬಟನ್ ಒತ್ತುತ್ತಾನೆ. 2019ರಲ್ಲೂ ಅವನೇ ಗೆದ್ದ, ಎದುರಾಳಿ ಜಪಾನಿನ ಕೋರ್ಯಾನ್, ಅವರೂ ಟ್ಯಾಪ್ ಮಾಡುವವರೇ. 2020ರಲ್ಲಿ ಕೋವಿಡ್‌ನಿಂದ ಸ್ಪರ್ಧೆ ಆನ್‌ಲೈನ್ ಆಯಿತು, ಫೈನಲ್‌ನಲ್ಲಿ ಅಣ್ಣ ತಮ್ಮ ಎದುರುಬದುರು. 13 ವರ್ಷದ ಮೈಕಲ್ ಆರ್ಟಿಯಾಗಾ ಅಣ್ಣನನ್ನು ಸೋಲಿಸಿ ಚಾಂಪಿಯನ್ ಆದ.

ಆಮೇಲೆ ಬಂದದ್ದು ರೋಲಿಂಗ್. 2020ರ ಕೊನೆಯ ಹೊತ್ತಿಗೆ ಚೀಸ್ ಅನ್ನೋ ಹೆಸರಲ್ಲಿ ಆಡುವ ಕ್ರಿಸ್ಟೋಫರ್ ಮಾರ್ಟಿನೆಜ್ ಇದನ್ನು ಟೆಟ್ರಿಸ್‌ಗೆ ಒಗ್ಗಿಸಿದ. ಒಂದು ಕೈಯ ಹೆಬ್ಬೆರಳು ಬಾಣದ ಬಟನ್ ಮೇಲೆ ಹಗುರವಾಗಿ ಕೂತಿರುತ್ತದೆ, ಒತ್ತೋದಿಲ್ಲ. ಇನ್ನೊಂದು ಕೈಯ ಬೆರಳುಗಳು ಕಂಟ್ರೋಲರ್‌ನ ಬೆನ್ನನ್ನು ಒಂದರ ಹಿಂದೆ ಒಂದು ತಟ್ಟುತ್ತವೆ, ಘಟ ನುಡಿಸುವವರ ಬೆರಳು ಓಡುವ ಹಾಗೆ. ಪ್ರತಿ ತಟ್ಟಿಗೂ ಕಂಟ್ರೋಲರ್ ಮುಂದೆ ಸರಿದು ಬಟನ್ ಹೆಬ್ಬೆರಳಿಗೆ ಒತ್ತಿಕೊಳ್ಳುತ್ತದೆ. ನಾಲ್ಕು ಬೆರಳಿಗೆ ನಾಲ್ಕು ಒತ್ತು. ಸೆಕೆಂಡಿಗೆ 20 ದಾಟುತ್ತದೆ, ಅದೂ ಕೈ ನೋವಿಲ್ಲದೆ. ಆಟ ಗ್ರಹಿಸಬಲ್ಲ ಗರಿಷ್ಠವೇ 30, ಯಾಕೆಂದರೆ ಒಂದು ಫ್ರೇಮ್ ಒತ್ತೋಕೆ, ಒಂದು ಬಿಡೋಕೆ ಬೇಕು.

ಅಲ್ಲಿಗೆ 29ರ ಗೋಡೆ ಬಿತ್ತು. 29ರ ನಂತರ ವೇಗ ಏರೋದೇ ಇಲ್ಲವಲ್ಲ! 29ನ್ನು ಆಡಬಲ್ಲವನು 60ನ್ನೂ ಆಡಬಲ್ಲ, 100ನ್ನೂ ಆಡಬಲ್ಲ.

ಸಂಜೆಮಳೆ:

ಅಬ್ಬಾ, ಇಬ್ಬರಿಗೂ ಧನ್ಯವಾದ. ಈಗ ಅರ್ಧ ಅರ್ಥವಾಯಿತು. 29ರ ಗೋಡೆ ಬಿದ್ದದ್ದು ಒಳ್ಳೇದೇ ಅಲ್ವಾ? ಮನುಷ್ಯರು ಗೆದ್ದರು. ಮತ್ತೆ ಗೋಡೆ ಕಟ್ಟಿದ್ದು ಯಾಕೆ?

ಹಳೇಕ್ಯಾಸೆಟ್:

ನನಗೂ ಇದೇ ಸಮಾಧಾನ ಇಲ್ಲದ ವಿಷಯ. ನೇರವಾಗಿ ಹೇಳುತ್ತೇನೆ, 39ರ ವೇಗ ಹಾಕಿದ್ದು ನನಗೆ ಒಪ್ಪಿಗೆ ಇಲ್ಲ.

ಈ ಆಟದ ದೊಡ್ಡತನ ಇರೋದೇ ಅದು ಬದಲಾಗಲಿಲ್ಲ ಅನ್ನೋದರಲ್ಲಿ. ಈಗಿನ ಯಾವುದೇ ಇ-ಸ್ಪೋರ್ಟ್ಸ್ ಆಟ ತೆಗೆದುಕೊಳ್ಳಿ, ಕಂಪನಿಯವರು ತಿಂಗಳಿಗೊಂದು ಅಪ್‌ಡೇಟ್ ಹಾಕಿ ಒಂದು ಪಾತ್ರದ ಬಲ ಇಳಿಸುತ್ತಾರೆ, ಇನ್ನೊಂದರದ್ದು ಏರಿಸುತ್ತಾರೆ. ನಿನ್ನೆ ಕಲಿತದ್ದು ಇವತ್ತು ಕೆಲಸಕ್ಕೆ ಬರೋದಿಲ್ಲ. ಇಲ್ಲಿ ಹಾಗಲ್ಲ. 1990ರಲ್ಲಿ ಥಾರ್ ಆಡಿದ ಕ್ಯಾಸೆಟ್ಟಿನ ಅಂಕವನ್ನು ಇವತ್ತಿನ ಹುಡುಗನ ಅಂಕದ ಪಕ್ಕದಲ್ಲಿ ಇಟ್ಟು ನೋಡಬಹುದು. ಆಟ ಒಂದು ಅಕ್ಷರವೂ ಬದಲಾಗದೆ, ಬರೀ ಬೆರಳು ಬದಲಾಗಿ, ಮೂವತ್ತು ವರ್ಷದಲ್ಲಿ 30ನೇ ಲೆವೆಲ್ ಇದ್ದದ್ದು 157 ಆಯಿತು. ಇಂಥಾದ್ದು ಬೇರೆ ಎಲ್ಲಿದೆ?

ಸಂಘಟಕರು ತಾವೇ ಒಂದು ವೇಗ ಬರೆದು ಸೇರಿಸಿದ ಕೂಡಲೇ ಅದು ಪಜಿತ್ನೋವ್ ಆಟವೂ ಅಲ್ಲ, ನಿಂಟೆಂಡೊ ಆಟವೂ ಅಲ್ಲ. ನಾಳೆ ಹುಡುಗರು 39ನ್ನೂ ಗೆದ್ದರೆ? 49ಕ್ಕೆ ಇನ್ನೊಂದು ವೇಗ ಹಾಕುತ್ತಾರಾ? ಸಮಯದ ಸಮಸ್ಯೆ ಇದ್ದರೆ ಗಡಿಯಾರ ಇಡಲಿ. 1990ರಲ್ಲೇ ಗಡಿಯಾರ ಇಟ್ಟು ಆಡಿಸಿದ್ದರಲ್ಲ.

ಬೀವರ್ಟನ್_ಕನ್ನಡಿಗ:

ನಾನು ಪೋರ್ಟ್‌ಲ್ಯಾಂಡ್ ಪಕ್ಕದಲ್ಲೇ ಇರೋದು. ಇಲ್ಲಿ ಚಿಪ್ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮವರು ಬಹಳ ಇದ್ದಾರೆ. ಮೇಳ ನಡೆಯೋದು ಒರೆಗಾನ್ ಕನ್ವೆನ್ಷನ್ ಸೆಂಟರ್‌ನಲ್ಲಿ. ಮಗಳನ್ನು ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಸಾಲಾಗಿ ಹಳೇ ದಪ್ಪ ಟಿವಿಗಳು, ಪ್ರತಿಯೊಂದರ ಮುಂದೆ ಒಂದು ಎನ್‌ಇಎಸ್, ಮುಂದೆ ಕುರ್ಚಿ. ಈಗಿನ ಚಪ್ಪಟೆ ಟಿವಿ ಯಾಕೆ ಇಡೋದಿಲ್ಲ ಅಂದರೆ ಅದರಲ್ಲಿ ಚಿತ್ರ ಕೆಲವು ಫ್ರೇಮ್ ತಡವಾಗಿ ಬರುತ್ತದೆ. 29ರ ವೇಗದಲ್ಲಿ ಆ ತಡ ಅಂದರೆ ಸೋಲು.

ಹಳೇಕ್ಯಾಸೆಟ್ ಅವರೇ, ನಿಮ್ಮ ಮಾತಿನಲ್ಲಿ ತೂಕ ಇದೆ. ಆದರೆ ಪ್ರೇಕ್ಷಕರ ಕುರ್ಚಿಯಲ್ಲಿ ಕೂತು ನೋಡಿದವನಾಗಿ ನಾನು ಬೇರೆ ಹೇಳಬೇಕು.

ಪಂದ್ಯದ ನಿಯಮ ನೋಡಿ. ಇಬ್ಬರೂ ಒಟ್ಟಿಗೆ ಶುರು ಮಾಡುತ್ತಾರೆ. ಹಿಂದಿರುವವನು ಮೊದಲು ಸತ್ತರೆ ಆಟ ಅಲ್ಲಿಗೇ ಮುಗಿಯಿತು. ಮುಂದಿರುವವನು ಮೊದಲು ಸತ್ತರೆ ಹಿಂದಿರುವವನು ಆಡುತ್ತಾ ಹೋಗಿ ಅವನ ಅಂಕ ದಾಟಬೇಕು. 29ರ ಗೋಡೆ ಇದ್ದಾಗ ಈ ನಿಯಮ ಜೀವ ತುಂಬುತ್ತಿತ್ತು. ಎದುರಾಳಿ 20,000 ಮುಂದೆ ಇದ್ದಾನೆ, ನನಗೆ ಇನ್ನು 6 ಸಾಲು ಉಳಿದಿದೆ, ಒಂದು ಟೆಟ್ರಿಸ್ ಆದರೆ ಗೆದ್ದೆ, ಉದ್ದ ಕಡ್ಡಿ ಬರುತ್ತಾ? ಇಡೀ ಹಾಲ್ ಆ ಒಂದು ಕಡ್ಡಿಗೆ ಕಾಯುತ್ತಿತ್ತು. ಬಂದರೆ ಕಾಮೆಂಟೇಟರ್ ಕೂಗುವ ಮೊದಲೇ ಜನ ಕೂಗುತ್ತಿದ್ದರು. 2016ರ ಆ ಫೈನಲ್‌ನ "ಬೂಮ್! ಟೆಟ್ರಿಸ್ ಫಾರ್ ಜೆಫ್!" ಅನ್ನೋ ಕೂಗು ಇಂಟರ್ನೆಟ್ ತುಂಬಾ ಓಡಾಡಿದ್ದು ಸುಮ್ನೆ ಅಲ್ಲ.

ರೋಲಿಂಗ್ ಬಂದ ಮೇಲೆ ಕೊನೆ ಅನ್ನೋದೇ ಕಾಣೆಯಾಯಿತು. ಯಾರು ಮೊದಲು ತಪ್ಪು ಮಾಡುತ್ತಾರೆ ಅಂತ ಕಾಯೋದು ಅಷ್ಟೇ ಉಳಿಯಿತು. ಇನ್ನೂ ಕೆಟ್ಟದ್ದು ಏನೆಂದರೆ ಸಾಲಿಗೆ ಬೆಲೆ ಇಲ್ಲದೆ ಹೋಯಿತು. ಬೇಕಾದಷ್ಟು ಸಾಲು ಇರುವಾಗ ಒಂದೊಂದು ಸಾಲು ಸುಟ್ಟು ಗೋಡೆ ತಗ್ಗಿಸಿಕೊಂಡು ಭದ್ರವಾಗಿ ಆಡಿದರೆ ಏನು ನಷ್ಟ? ಬದುಕಿದ್ದರೆ ಅಂಕ ತಾನಾಗಿ ಬರುತ್ತದೆ. ಧೈರ್ಯ ಮಾಡಿದವನಿಗೆ ಏನೂ ಲಾಭ ಇಲ್ಲ. 39ರಲ್ಲಿ ವೇಗ ಎರಡರಷ್ಟು ಮಾಡಿದಾಗ ಅದೆಲ್ಲ ವಾಪಸ್ ಬಂತು. ಈಗ ಲೆಕ್ಕ 230ರ ಬದಲು 330 ಸಾಲು. ಅದರೊಳಗೆ ಯಾರು ಜಾಸ್ತಿ ಟೆಟ್ರಿಸ್ ಮಾಡುತ್ತಾರೆ ಅನ್ನೋದು ಮತ್ತೆ ಮುಖ್ಯವಾಯಿತು.

ಗಡಿಯಾರ ಇಟ್ಟರೆ ಇದು ಆಗೋದಿಲ್ಲ ಅಂತ ನನಗೆ ಅನಿಸುತ್ತದೆ. ಗಡಿಯಾರ ಬೇಗ ಆಡುವವನಿಗೆ ಅನುಕೂಲ, ಸಾಲಿನ ಲೆಕ್ಕ ಚೆನ್ನಾಗಿ ಕಟ್ಟುವವನಿಗೆ ಅನುಕೂಲ. ಟೆಟ್ರಿಸ್ ಕಟ್ಟುವ ಆಟ.

ಎಂಟುಬಿಟ್_ರಾಘು:

ಬೀವರ್ಟನ್ ಅವರು ಹೇಳಿದ್ದು ಸರಿಯಾಗಿದೆ. ನನಗೆ ತೋಚುವುದು ಇಷ್ಟು: 29ರ ಗೋಡೆಯನ್ನು ಸ್ಪರ್ಧೆಗಾಗಿ ಯಾರೂ ಕಟ್ಟಿರಲಿಲ್ಲ. ಆಟ ಬರೆದವರು ಇಲ್ಲಿಯವರೆಗೆ ಯಾರೂ ಬರೋದಿಲ್ಲ ಅಂತ ಬಿಟ್ಟ ಜಾಗ ಅದು. ಆದರೆ ಆಕಸ್ಮಿಕವಾಗಿ ಅದೇ ಪಂದ್ಯಕ್ಕೆ ಒಂದು ಆಕಾರ ಕೊಟ್ಟಿತು, ಸುಮಾರು ಹತ್ತು ವರ್ಷ. ಆ ಆಕಾರ ಕೈಜಾರಿದ ಮೇಲೆ ಸಂಘಟಕರು ಅದನ್ನು ಬೇಕೆಂದೇ ಮತ್ತೆ ಕಟ್ಟಬೇಕಾಯಿತು. ಮೇಲಾಗಿ ಬದಲಾವಣೆ ಅನ್ನೋದು 39ರಿಂದ ಶುರುವಾದದ್ದಲ್ಲ. ಅಂಕ 999,999 ದಾಟಿದ ಮೇಲೂ ತೋರಿಸುವಂತೆ ತಿದ್ದಿದ ಆವೃತ್ತಿ ಬಂದದ್ದು ಯಾಕೆ? ಇಬ್ಬರೂ ಮಿಲಿಯನ್ ದಾಟಿದರೆ ಯಾರು ಮುಂದೆ ಅಂತ ಗೊತ್ತೇ ಆಗುತ್ತಿರಲಿಲ್ಲ. ಅದನ್ನು ಒಪ್ಪಿಕೊಂಡೆವು ಅಂದರೆ ಪಂದ್ಯಕ್ಕಾಗಿ ಆಟವನ್ನು ತಿದ್ದಬಹುದು ಅಂತ ಒಪ್ಪಿಕೊಂಡ ಹಾಗೇ.

ಹಳೇಕ್ಯಾಸೆಟ್:

ಅಂಕ ತೋರಿಸುವುದು ಬೇರೆ, ತುಂಡು ಬೀಳುವ ವೇಗ ಬೇರೆ, ರಾಘು ಅವರೇ. ಮೊದಲನೆಯದು ಸ್ಕೋರ್‌ಬೋರ್ಡ್ ದೊಡ್ಡದು ಮಾಡಿದ್ದು, ಎರಡನೆಯದು ಮೈದಾನವನ್ನೇ ಬದಲಿಸಿದ್ದು. ಆದರೆ ಬೀವರ್ಟನ್ ಅವರ 330 ಸಾಲಿನ ಮಾತು ನಾನು ಒಪ್ಪುತ್ತೇನೆ. ಪಂದ್ಯಕ್ಕೆ ಕೊನೆ ಬೇಕು, ಸರಿ. ಹಾಗಾದರೆ 330 ಸಾಲು ಮುಗಿದ ಕೂಡಲೇ ನಿಲ್ಲಿಸಿ, ಅಂಕ ನೋಡಿ, ಮುಗಿಸಿ. ಎಲ್ಲೂ ಇಲ್ಲದ ವೇಗ ಬರೆಯೋ ಅಗತ್ಯ ಏನಿತ್ತು?

ಬೀವರ್ಟನ್_ಕನ್ನಡಿಗ:

ಹಾಗೆ ಮಾಡಿದರೆ ಕೊನೆ ಪೂರ್ತಿ ಮುಚ್ಚಿಹೋಗುತ್ತದೆ ಸರ್. 39ರ ವೇಗದಲ್ಲಿ ತುಂಡು ಪ್ರತಿ ಫ್ರೇಮಿಗೆ ಎರಡು ಮನೆ ಇಳಿಯುತ್ತದೆ, ಮೇಲಿನಿಂದ ಕೆಳಕ್ಕೆ ಒಂದು ಸೆಕೆಂಡಿನ ಆರನೇ ಒಂದು ಭಾಗ. ಕಷ್ಟ ನಿಜ, ಆದರೆ ಬಾಗಿಲು ಸಣ್ಣದಾಗಿ ತೆರೆದೇ ಇರುತ್ತದೆ. ಹಿಂದಿರುವವನು ಅಲ್ಲೂ ಒಂದು ಟೆಟ್ರಿಸ್ ಮಾಡಿ ಗೆಲ್ಲಬಹುದು ಅನ್ನೋ ಆಸೆ ಇರುತ್ತದೆ. ಹಳೇ 29ರಲ್ಲಿ ಕೂಡ ಹಾಗೇ ಇತ್ತು ಅಲ್ವಾ? ಅಲ್ಲೂ ಗೋಡೆ ಮೊದಲೇ ಸರಿಯಾಗಿ ಕಟ್ಟಿಟ್ಟುಕೊಂಡವರು ಒಂದು ಕಡ್ಡಿ ತೂರಿಸಿ ಕೊನೇ ಟೆಟ್ರಿಸ್ ತೆಗೆದದ್ದುಂಟು. ಆ ಕ್ಷಣ ಉಳಿಸಿಕೊಳ್ಳೋಕೆ ಅಂತಲೇ ಗೆರೆ ಎಳೆಯದೆ ವೇಗ ಹಾಕಿದ್ದು ಅಂತ ನಾನು ನೋಡುತ್ತೇನೆ.

ತುಮಕೂರು_ಟ್ರಾನ್ಸಿಸ್ಟರ್:

ಪ್ರಶ್ನೆ ಕೇಳಿದವರ ಎರಡನೇ ಭಾಗಕ್ಕೆ ಯಾರೂ ಉತ್ತರ ಕೊಡಲಿಲ್ಲ, ನಾನು ಕೊಡುತ್ತೇನೆ. ಹಳೇಕ್ಯಾಸೆಟ್ ಅವರಿಗೂ ಇದು ಇಷ್ಟವಾಗುತ್ತದೆ.

ಆ ಹುಡುಗ ಬ್ಲೂ ಸ್ಕೂಟಿ, ಹೆಸರು ವಿಲ್ಲಿಸ್ ಗಿಬ್ಸನ್, ಒಕ್ಲಹೋಮಾದ ಸ್ಟಿಲ್‌ವಾಟರ್ ಊರಿನವನು. 2023ರ ಡಿಸೆಂಬರ್ 21ರಂದು ಆಡಿದ್ದು ಪಂದ್ಯವಲ್ಲ, ಮನೆಯಲ್ಲಿ ಒಬ್ಬನೇ ಆಡಿದ ಆಟ. ಅಲ್ಲಿ 39ರ ವೇಗ ಇಲ್ಲ, ಅಂಕವೂ ಪರದೆಯಲ್ಲಿ 999999ರಲ್ಲೇ ನಿಂತಿತ್ತು. ಸುಮಾರು 38 ನಿಮಿಷ ಆಡಿ, 1,511 ಸಾಲು ಅಳಿಸಿದ ಮೇಲೆ ಆಟವೇ ಹೆಪ್ಪುಗಟ್ಟಿ ನಿಂತಿತು. ಅದಕ್ಕೆ ಒಂದು ವಾರ ಮೊದಲು ಅವನ ತಂದೆ ತೀರಿಕೊಂಡಿದ್ದರು. ಸಾಧನೆಯನ್ನು ಅವರಿಗೇ ಅರ್ಪಿಸಿದ.

ಆಟ ನಿಂತದ್ದು ಯಾಕೆ ಅಂದರೆ, ಸಾಲು ಅಳಿಸಿದಾಗ ಅಂಕ ಲೆಕ್ಕ ಹಾಕಬೇಕು. ಎನ್‌ಇಎಸ್‌ನ ಪ್ರೊಸೆಸರ್‌ಗೆ ನೇರ ಗುಣಾಕಾರ ಬರೋದಿಲ್ಲ, ಲೆವೆಲ್ ಎಷ್ಟಿದೆಯೋ ಅದಕ್ಕಿಂತ ಒಂದು ಸಲ ಹೆಚ್ಚು ಕೂಡುತ್ತಾ ಹೋಗುತ್ತದೆ. 157ನೇ ಲೆವೆಲ್ ಅಂದರೆ 158 ಸಲ ಕೂಡಬೇಕು. ಅಷ್ಟು ಕೆಲಸ ಒಂದು ಫ್ರೇಮಿನೊಳಗೆ ಮುಗಿಯದಿದ್ದರೆ ಮುಂದಿನ ಫ್ರೇಮಿನ ಕೆಲಸ ನಡುವೆ ನುಗ್ಗುತ್ತದೆ, ಪ್ರೋಗ್ರಾಂ ದಾರಿ ತಪ್ಪುತ್ತದೆ. 155ನೇ ಲೆವೆಲ್‌ನಿಂದಲೇ ಹೀಗಾಗುವ ಸಾಧ್ಯತೆ ಇದೆ ಅಂತ ಮೊದಲೇ ಕಂಡುಕೊಂಡಿದ್ದರು. 2021ರಲ್ಲಿ ಸ್ಟ್ಯಾಕ್‌ರ‍್ಯಾಬಿಟ್ ಅನ್ನೋ ಕಂಪ್ಯೂಟರ್ ಪ್ರೋಗ್ರಾಂ ತಿದ್ದಿದ ಆವೃತ್ತಿಯಲ್ಲಿ 237ನೇ ಲೆವೆಲ್‌ವರೆಗೆ ಆಡಿತ್ತು, ಅಲ್ಲಿಂದ ಈ ಹುಡುಕಾಟ ಜೋರಾಯಿತು.

ಅದಕ್ಕೂ ಮೊದಲು 138ರಿಂದ ಬಣ್ಣಗಳು ಕೆಡುತ್ತವೆ. ಆಟದಲ್ಲಿ ಹತ್ತು ಲೆವೆಲ್‌ಗೆ ಆಗುವಷ್ಟೇ ಬಣ್ಣದ ಪಟ್ಟಿ ಇರೋದು, ಅದನ್ನೇ ತಿರುಗಿಸಿ ಬಳಸುತ್ತದೆ. 138ರಲ್ಲಿ ಲೆಕ್ಕ ತಪ್ಪಿ ಮೆಮೊರಿಯಲ್ಲಿ ಇರುವ ಏನೇನನ್ನೋ ಬಣ್ಣ ಅಂತ ಓದುತ್ತದೆ. 146 ಮತ್ತು 148ನೇ ಲೆವೆಲ್‌ಗಳಲ್ಲಿ ತುಂಡುಗಳು ಕಪ್ಪು ಹಿನ್ನೆಲೆಯಲ್ಲಿ ಕಾಣೋದೇ ಕಷ್ಟ. ಹುಡುಗರು ಇದಕ್ಕೂ ಅಭ್ಯಾಸ ಮಾಡಿಕೊಂಡರು!

2024ರ ಅಕ್ಟೋಬರಿನಲ್ಲಿ ಅದೇ ಮೈಕಲ್ ಆರ್ಟಿಯಾಗಾ, ನಿಂತುಹೋಗುವ ದೋಷ ಸರಿಪಡಿಸಿದ ಆವೃತ್ತಿಯಲ್ಲಿ 255ನೇ ಲೆವೆಲ್ ಮುಗಿಸಿದಾಗ ಆಟ ಸೊನ್ನೆಗೆ ಮರಳಿತು. ಲೆವೆಲ್ ಸಂಖ್ಯೆ ಒಂದು ಬೈಟ್ ಅಷ್ಟೇ ಆದ್ದರಿಂದ 255 ಆದಮೇಲೆ 0. ದಾರಿಯಲ್ಲಿ 235ನೇ ಲೆವೆಲ್ ಒಂದರಲ್ಲೇ ಒಂದು ದೋಷದಿಂದಾಗಿ 810 ಸಾಲು ಅಳಿಸಬೇಕು.

ಹಾಗಾಗಿ ಈಗ ಎರಡು ದಾರಿ ಆಗಿವೆ. ಪಂದ್ಯದ ದಾರಿ, ಅಲ್ಲಿ ಎದುರಾಳಿಯನ್ನು ಸೋಲಿಸಬೇಕು, 39ರ ವೇಗ ಇದೆ. ಒಂಟಿ ದಾಖಲೆಯ ದಾರಿ, ಅಲ್ಲಿ ಆಟವನ್ನೇ ಸೋಲಿಸಬೇಕು, ಗೋಡೆ ಇಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾಗಿಲ್ಲ.

ಹಳೇಕ್ಯಾಸೆಟ್:

ಇದು ಸರಿ ಮಾತು. ಒಂಟಿ ದಾಖಲೆಗೆ ಮೂಲ ಆಟ ಮುಟ್ಟದೆ ಉಳಿದರೆ ನನ್ನ ದೊಡ್ಡ ಆಕ್ಷೇಪ ಹೋಗುತ್ತದೆ. ಆದರೂ ಒಂದು ಬೇಸರ ಇದೆ. ಜೋನಾಸ್ ಆಡುತ್ತಿದ್ದ ಡಾಸ್ ಶೈಲಿಗೆ ಈಗ ದೊಡ್ಡ ವೇದಿಕೆಯಲ್ಲಿ ಜಾಗ ಇಲ್ಲ. ತಾಳ್ಮೆಯಿಂದ, ಮುಂದಿನ ತುಂಡು ನೋಡಿ, ಡಾಸ್‌ನ ಕಾಯುವಿಕೆ ಮೊದಲೇ ತುಂಬಿಸಿಟ್ಟುಕೊಂಡು ಆಡುವ ಆ ಚಂದ ಈಗಿನವರಲ್ಲಿ ಕಾಣೋದು ಕಡಿಮೆ. 2021ರ ಜನವರಿಯಲ್ಲಿ ಅವರು 39ನೇ ವಯಸ್ಸಿಗೇ ಹೋಗಿಬಿಟ್ಟರು. ಆ ಸುದ್ದಿ ಓದಿ ಬಹಳ ಸಂಕಟವಾಗಿತ್ತು.

ಬೀವರ್ಟನ್_ಕನ್ನಡಿಗ:

ನಿಜ. ಚಾಂಪಿಯನ್‌ಶಿಪ್‌ನವರು ಟ್ರೋಫಿಗೆ ಅವರ ಹೆಸರನ್ನೇ ಇಟ್ಟರು. 2018ರಲ್ಲಿ ಜೋಸೆಫ್ ಎದುರು ಸೋತಾಗ ಆ ಹುಡುಗನನ್ನು ಅವರು ಎಷ್ಟು ಸಂತೋಷದಿಂದ ಅಭಿನಂದಿಸಿದರು ಅನ್ನೋದನ್ನು ಆ ವಿಡಿಯೋದಲ್ಲಿ ಎಲ್ಲರೂ ನೋಡಬೇಕು. ಈಗ ಆಡುತ್ತಿರುವ ಹುಡುಗರಲ್ಲಿ ಬಹಳ ಜನ ಯೂಟ್ಯೂಬ್‌ನಲ್ಲಿ ಆ ಹಳೇ ಫೈನಲ್‌ಗಳನ್ನು ನೋಡಿಯೇ ಆಟಕ್ಕೆ ಬಂದವರು.

ಡಾಸ್ ಶೈಲಿ ಪೂರ್ತಿ ಹೋಗಿಲ್ಲ ಸರ್. ಬರೀ ಡಾಸ್‌ನವರಿಗೆ ಅಂತಲೇ ಬೇರೆ ಸ್ಪರ್ಧೆ ನಡೆಯುತ್ತದೆ, ಟ್ಯಾಪ್ ಮಾಡಿದರೆ, ರೋಲ್ ಮಾಡಿದರೆ ಅಲ್ಲಿ ಲೆಕ್ಕಕ್ಕಿಲ್ಲ. ಅಲ್ಲಿ 29 ಇವತ್ತಿಗೂ ಕಿಲ್‌ಸ್ಕ್ರೀನ್. ನಿಮಗೆ ಬೇಕಾದ ಆಟ ಅಲ್ಲಿ ಸಿಗುತ್ತದೆ, ನೇರಪ್ರಸಾರ ನೋಡಿ.

ಸಂಜೆಮಳೆ:

ಇಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ತುಂಬಾ ಧನ್ಯವಾದ. ಮತ್ತೆ 2016ರ ಫೈನಲ್ ಹಾಕಿ ಸಾಲಿನ ಲೆಕ್ಕ ನೋಡಿಕೊಂಡು ನೋಡಿದೆ, ಕೊನೆಯ 20 ಸಾಲಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆ. ಈಗ ನಾನೂ ಕಲಿಯಬೇಕು ಅಂತ ಆಸೆ. ಮನೆಯಲ್ಲಿ ಅಪ್ಪ ಆಡುತ್ತಿದ್ದ ಹಳೇ ಟಿವಿ ಗೇಮ್ ಇದೆ, ಒಂದು ಬ್ರಿಕ್ ಗೇಮ್ ಕೂಡ ಇದೆ. ಅದರಲ್ಲೇ ಶುರು ಮಾಡಬಹುದಾ?

ತುಮಕೂರು_ಟ್ರಾನ್ಸಿಸ್ಟರ್:

ಕೈ ಪಳಗಿಸೋಕೆ ಆಡಿ, ಆದರೆ ಸ್ಪರ್ಧೆಗೆ ಅಂತ ಅಭ್ಯಾಸ ಮಾಡಬೇಡಿ. ಬ್ರಿಕ್ ಗೇಮ್ ಬೇರೆಯೇ ಆಟ. ಜಾತ್ರೆಯಲ್ಲಿ, ಫ್ಯಾನ್ಸಿ ಸ್ಟೋರ್‌ನಲ್ಲಿ ಸಿಗುತ್ತಿದ್ದ ಆ ಯಂತ್ರದ ವೇಗವೂ ಬೇರೆ, ತಿರುಗುವ ರೀತಿಯೂ ಬೇರೆ.

ಟಿವಿ ಗೇಮ್‌ನಲ್ಲಿ ಎರಡು ತೊಂದರೆ ಇದೆ. ಒಂದು, ನಮ್ಮ ಟಿವಿಗಳು ಪಾಲ್ ಪದ್ಧತಿಯವು, ಸೆಕೆಂಡಿಗೆ 50 ಫ್ರೇಮ್. ಯೂರೋಪಿನ ಪಾಲ್ ಟೆಟ್ರಿಸ್‌ನಲ್ಲಿ ವೇಗಗಳ ಪಟ್ಟಿಯೇ ಬೇರೆ, ಪ್ರತಿ ಫ್ರೇಮಿಗೆ ಒಂದು ಮನೆ ಅನ್ನೋ ವೇಗ 19ನೇ ಲೆವೆಲ್‌ಗೇ ಬಂದುಬಿಡುತ್ತದೆ. ಎರಡು, ಜಪಾನಿನ ಬುಲೆಟ್‌ಪ್ರೂಫ್ ಸಾಫ್ಟ್‌ವೇರ್ 1988ರಲ್ಲಿ ತಂದ ಇನ್ನೊಂದು ಟೆಟ್ರಿಸ್ ಇದೆ, ಹತ್ತಾರು ಆಟ ಒಟ್ಟಿಗೆ ತುಂಬಿದ ಕ್ಯಾಸೆಟ್‌ನಲ್ಲಿ ಅದೂ ಇರಬಹುದು. ಅದರಲ್ಲಿ ಕೆಳಗಿನ ಬಾಣ ಒತ್ತಿದರೆ ತುಂಡು ತಿರುಗುತ್ತದೆ. ಅದು ಕೈಗೆ ಅಂಟಿಕೊಂಡರೆ ಬಿಡಿಸೋದು ಕಷ್ಟ.

ಕಂಪ್ಯೂಟರಿನಲ್ಲಿ ಮೆಸೆನ್ ತರಹದ ಎಮ್ಯುಲೇಟರ್ (ಎನ್‌ಇಎಸ್ ಹಾಗೇ ನಡೆಯುವ ಪ್ರೋಗ್ರಾಂ) ಹಾಕಿ, ಸೆಟ್ಟಿಂಗ್‌ನಲ್ಲಿ ಎನ್‌ಟಿಎಸ್‌ಸಿ, ಅಂದರೆ ಅಮೆರಿಕದ 60 ಫ್ರೇಮಿನ ಪದ್ಧತಿ, ಆರಿಸಿ. ತಂತಿ ಇರುವ ಯುಎಸ್‌ಬಿ ಕಂಟ್ರೋಲರ್ ತೆಗೆದುಕೊಳ್ಳಿ, ಎನ್‌ಇಎಸ್ ಆಕಾರದ್ದೇ ಆದರೆ ಒಳ್ಳೇದು, ಬೆನ್ನು ಚಪ್ಪಟೆ ಇದ್ದರೆ ಮುಂದೆ ರೋಲಿಂಗ್ ಕಲಿಯೋಕೆ ಬರುತ್ತದೆ. ಮೂಲ ಟೆಟ್ರಿಸ್ ಮೇಲೆ ಟೆಟ್ರಿಸ್‌ಜಿಮ್ ಅನ್ನೋ ಅಭ್ಯಾಸದ ಪ್ಯಾಚ್ ಹಾಕಿಕೊಳ್ಳಿ, ಅದು ಉಚಿತ. ನೀವು ಸೆಕೆಂಡಿಗೆ ಎಷ್ಟು ಸಲ ಒತ್ತುತ್ತಿದ್ದೀರಿ ಅಂತ ಅದು ತೋರಿಸುತ್ತದೆ.

ಮೊದಲೇ ವೇಗಕ್ಕೆ ಹೋಗಬೇಡಿ. 9ನೇ ಲೆವೆಲ್‌ನಿಂದ ಶುರು ಮಾಡಿ, ಬಲಗಡೆ ಬಾವಿ ಬಿಟ್ಟು, ಉಳಿದ ಒಂಬತ್ತು ಕಂಬ ಗುಂಡಿ ಬೀಳದಂತೆ ಸಮವಾಗಿ ಕಟ್ಟೋದು ಕಲಿಯಿರಿ. ಅದು ಸಲೀಸಾದ ಮೇಲೆ ಮೆನುವಿನಲ್ಲಿ 8 ಆರಿಸಿ ಎ ಬಟನ್ ಹಿಡಿದು ಸ್ಟಾರ್ಟ್ ಒತ್ತಿ, 18ರಿಂದ ಶುರುವಾಗುತ್ತದೆ. ಮೊದಲ ಆಟದ ಅಂಕ ಎಷ್ಟೇ ಬಂದರೂ ಇಲ್ಲಿ ಹಾಕಿ, ಎಲ್ಲಿ ಸಾಲು ಸುಡುತ್ತಿದ್ದೀರಿ ಅಂತ ನೋಡಿ ಹೇಳುತ್ತೇವೆ.